ಸಿಲ್ಕ್ ಬೋರ್ಡ್ ಫುಟ್‌ಪಾತ್‌ನಲ್ಲಿ ಪಿಎಂ 2.5 ಅಳೆದು, ಶ್ವಾಸಕೋಶದಲ್ಲಿ ಕೂರುವುದೆಷ್ಟು ಅಂತ ಲೆಕ್ಕ ಹಾಕಬಹುದೇ?

ಹೊಗೆಗಣ್ಣು

ಎಲ್ಲರಿಗೂ ನಮಸ್ಕಾರ. ಎಂ.ಎಸ್‌ಸಿ ಪರಿಸರ ವಿಜ್ಞಾನದ ಪ್ರಾಜೆಕ್ಟ್. ಸಿಲ್ಕ್ ಬೋರ್ಡ್ ಜಂಕ್ಷನ್ ಬಳಿಯ ಫುಟ್‌ಪಾತ್‌ನಲ್ಲಿ ಸಂಜೆ ಎರಡು ಗಂಟೆ ನಿಂತು ವ್ಯಾಪಾರ ಮಾಡುವವರ ಶ್ವಾಸಕೋಶದಲ್ಲಿ ಎಷ್ಟು ಪಿಎಂ 2.5 (2.5 ಮೈಕ್ರಾನಿಗಿಂತ ಸಣ್ಣ ಕಣ; ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಉಳಿಯುತ್ತದೆ ಎಂಬ ಅಂದಾಜು ಬೇಕು. ಬರೀ "ಗಾಳಿಯಲ್ಲಿ ಇಷ್ಟಿದೆ" ಅನ್ನುವುದಲ್ಲ, ಒಳಗೆ ಎಷ್ಟು ಕೂರುತ್ತದೆ ಅನ್ನುವುದು.

ಕೈಯಲ್ಲಿರುವುದು ಎರಡು ಪಿಎಂಎಸ್ 5003 ಲೇಸರ್ ಸೆನ್ಸರ್, ಇಎಸ್‌ಪಿ 32 ಬೋರ್ಡ್, ಆರ್ದ್ರತೆಗೆ ಬಿಎಂಇ 280. ಈ ಸೆನ್ಸರ್ 0.3, 0.5, 1, 2.5, 5, 10 ಮೈಕ್ರಾನ್ ಎಂದು ಆರು ಗಾತ್ರಗಳ ಎಣಿಕೆ ಕೊಡುತ್ತದೆ. ಪ್ರತಿ ಗಾತ್ರದ ಎಣಿಕೆಯನ್ನು ಆ ಗಾತ್ರದ ಕಣ ಶ್ವಾಸಕೋಶದಲ್ಲಿ ಕೂರುವ ಪಾಲಿನಿಂದ ಗುಣಿಸಿದರೆ ಆಯಿತಲ್ಲವೇ? ಸಿಎಫ್=1, ಎಟಿಎಂ ಎಂದು ತೂಕದ ಅಂಕಿಗೆ ಎರಡು ಕಾಲಂ ಬರುತ್ತವೆ, ಯಾವುದನ್ನು ಹಿಡಿಯಬೇಕು? ಕೂರುವ ಪಾಲಿಗೆ ಎಕ್ಸೆಲ್‌ನಲ್ಲಿ ಹಾಕಬಹುದಾದ ಸೂತ್ರ ಇದೆಯೇ?

---

ಬ್ರೆಡ್‌ಬೋರ್ಡ್

ಸೆನ್ಸರ್ ಮಟ್ಟಿಗೆ ಹೇಳುತ್ತೇನೆ, ಶ್ವಾಸಕೋಶದ ಲೆಕ್ಕ ಬಲ್ಲವರು ಬರುತ್ತಾರೆ.

ಫ್ಯಾನಿಗೆ 5 ವೋಲ್ಟ್ ಬೇಕೇ ಬೇಕು. ಡೇಟಾ ಲೈನ್ 3.3 ವೋಲ್ಟ್, ಹಾಗಾಗಿ ಇಎಸ್‌ಪಿ 32ಗೆ ನೇರವಾಗಿ ಜೋಡಿಸಬಹುದು. ವೇಗ 9600. ಪ್ರತಿ ಫ್ರೇಮ್ 32 ಬೈಟ್: ಮೊದಲೆರಡು 66 ಮತ್ತು 77, ಕೊನೆಯ ಎರಡು ಚೆಕ್‌ಸಮ್, ಅಂದರೆ ಮೊದಲ 30 ಬೈಟ್‌ಗಳ ಮೊತ್ತ. ಚೆಕ್‌ಸಮ್ ನೋಡದೆ ಓದುವ ಕೋಡ್ ನೆಟ್‌ನಲ್ಲಿ ಬೇಕಾದಷ್ಟಿದೆ. ಅದನ್ನೇ ಹಾಕಿಕೊಂಡರೆ ಆಗೊಮ್ಮೆ ಈಗೊಮ್ಮೆ ಸಾವಿರಗಟ್ಟಲೆ ಮೈಕ್ರೋಗ್ರಾಂನ ಶಿಖರ ಬರುತ್ತದೆ, ನೀವು ಅದನ್ನು ಬಿಎಂಟಿಸಿ ಬಸ್ಸಿನ ಹೊಗೆ ಅಂದುಕೊಳ್ಳುತ್ತೀರಿ. ಆನ್ ಮಾಡಿದ ಮೇಲಿನ ಮೊದಲ 30 ಸೆಕೆಂಡಿನ ಓದು ಬಿಸಾಡಿ.

ಗಾಳಿ ಒಳಹೋಗುವ ತೂತು, ಹೊರಬರುವ ಫ್ಯಾನ್ ಎರಡೂ ಒಂದೇ ಮುಖದಲ್ಲಿವೆ. ಡಬ್ಬಿಯಲ್ಲಿ ಕೂರಿಸುವಾಗ ಇವುಗಳ ನಡುವೆ ಫೋಮ್ ಪಟ್ಟಿಯ ಗೋಡೆ ಹಾಕದಿದ್ದರೆ ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ತೂತು ಕೆಳಮುಖವಾಗಿರಲಿ, ಸಣ್ಣ ಜಾಲರಿ ಇರಲಿ. ಜೇಡ ಒಳಗೆ ಬಲೆ ಕಟ್ಟಿದರೆ ಶೂನ್ಯದ ಮಟ್ಟವೇ ಮೇಲೇರಿ ಕೂರುತ್ತದೆ.

ಬಿಎಂಇ 280 ಅನ್ನು ಬೋರ್ಡಿನಿಂದ ದೂರ, ಡಬ್ಬಿಯ ಹೊರಗೆ ನೆರಳಿನಲ್ಲಿಡಿ. ಹೊರಗೆ 20 ಡಿಗ್ರಿ, ಆರ್ದ್ರತೆ 85 ಇದ್ದಾಗ ಬೋರ್ಡಿನ ಬಿಸಿಗೆ ಮೂರೇ ಡಿಗ್ರಿ ಏರಿದರೂ ಅದು 71 ತೋರಿಸುತ್ತದೆ. ಆಮೇಲಿನ ಆರ್ದ್ರತೆ ತಿದ್ದುಪಡಿ ಪೂರಾ ಹಾಳು.

ಕಾಲಂ ವಿಚಾರ: ಸಿಎಫ್=1 ತೆಗೆದುಕೊಳ್ಳಿ. ಘನ ಮೀಟರ್ ಗಾಳಿಗೆ ಸುಮಾರು 30 ಮೈಕ್ರೋಗ್ರಾಂವರೆಗೆ ಎರಡೂ ಒಂದೇ. ಅದಕ್ಕಿಂತ ಮೇಲೆ ಎಟಿಎಂ ಕಾಲಂ ತಾನೇ ತಗ್ಗಿಸಿಕೊಳ್ಳುತ್ತಾ ಹೋಗಿ ಹೆಚ್ಚಿನ ಸಾಂದ್ರತೆಯಲ್ಲಿ ಸಿಎಫ್=1ರ ಮೂರನೇ ಎರಡರಷ್ಟಾಗುತ್ತದೆ. ಆ ಬಾಗಿದ ಗೆರೆಯ ಮೇಲೆ ನಿಮ್ಮ ತಿದ್ದುಪಡಿ ಕಟ್ಟುವುದು ಕಷ್ಟ.

ತಿದ್ದುಪಡಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) ಇದೇ ಸೆನ್ಸರ್ ಇರುವ ಗಾಳಿಮಾಪಕ ಪರ್ಪಲ್‌ಏರ್‌ಗೆ ಕೊಟ್ಟ ಸೂತ್ರ ಇದೆ: 0.524 × ಸಿಎಫ್=1 − 0.0862 × ಆರ್ದ್ರತೆ + 5.75. ಅದನ್ನೇ ಹಾಕಿಬಿಡಿ.

ಆರು ಗಾತ್ರಗಳ ಎಣಿಕೆಯನ್ನು ಮಾತ್ರ ನಂಬಬೇಡಿ. ಅವು 0.1 ಲೀಟರ್ ಗಾಳಿಯಲ್ಲಿ "ಇದಕ್ಕಿಂತ ದೊಡ್ಡವು ಇಷ್ಟು" ಎಂಬ ಸಂಚಿತ ಲೆಕ್ಕ, ಒಂದರಿಂದೊಂದು ಕಳೆಯಬೇಕು. ಕಳೆದರೂ ಅದು ನಿಜವಾದ ಗಾತ್ರ ವಿಂಗಡಣೆ ಅಲ್ಲ. ಇದರೊಳಗೆ ಆಗುವುದು ಬಹುಪಾಲು ಒಟ್ಟು ಬೆಳಕು ಚದುರಿಕೆಯ ಅಳತೆ. ಗಾತ್ರ ಹಂಚಿಕೆ ಫರ್ಮ್‌ವೇರಿನ ಊಹೆ. ಜರಡಿ ಹಿಡಿದ ರಸ್ತೆ ಮಣ್ಣನ್ನು ಹತ್ತಿರ ಉದುರಿಸಿ ನೋಡಿ, ಪಿಎಂ 10 ಏರಬೇಕಾದಷ್ಟು ಏರುವುದಿಲ್ಲ. ದಪ್ಪ ಕಣ ಒಳಗಿನ ತಿರುವುಗಳಲ್ಲೇ ಬಿದ್ದುಹೋಗುತ್ತದೆ. ಕೆಳತುದಿಯಲ್ಲಿ 0.3 ಮೈಕ್ರಾನ್ ಕಣಗಳಲ್ಲಿ ಅರ್ಧವನ್ನಷ್ಟೇ ಎಣಿಸುತ್ತದೆ ಎಂದು ತಯಾರಕರೇ ಡೇಟಾಶೀಟಿನಲ್ಲಿ ಬರೆದಿದ್ದಾರೆ. 0.1 ಮೈಕ್ರಾನಿನ ಕಣ ಇದರ ಪಾಲಿಗೆ ಇಲ್ಲವೇ ಇಲ್ಲ.

---

ಫಿಲ್ಟರ್_ಪೇಪರ್

ಇಪಿಎ ಸೂತ್ರವನ್ನು ಇಲ್ಲಿಗೆ ತರುವುದು ಬೇಡ, ಬ್ರೆಡ್‌ಬೋರ್ಡ್ ಅವರೇ. ಆ 0.524 ಅಮೆರಿಕದ ಕಣಗಳ ಗುಣಕ. ಬೆಳಕು ಎಷ್ಟು ಚದುರುತ್ತದೆ ಎನ್ನುವುದು ಕಣದ ಗಾತ್ರ, ಬಣ್ಣ, ಸಾಂದ್ರತೆ ಮೂರನ್ನೂ ಅವಲಂಬಿಸಿದೆ. ಸಿಲ್ಕ್ ಬೋರ್ಡ್‌ನಲ್ಲಿ ಡೀಸೆಲ್ ಮಸಿ (ಬೆಳಕನ್ನು ನುಂಗುತ್ತದೆ, ಕಡಿಮೆ ಚದುರಿಸುತ್ತದೆ) ಜತೆಗೆ ರಸ್ತೆ ಧೂಳು, ಕಾಮಗಾರಿಯ ಸಿಮೆಂಟು ಎಲ್ಲ ಸೇರಿದೆ. ಅದೇ ಗುಣಕ ಇಲ್ಲಿಗೆ ಒಗ್ಗುತ್ತದೆ ಎನ್ನಲು ಆಧಾರವಿಲ್ಲ. ಇಲ್ಲಿನದನ್ನು ಇಲ್ಲೇ ಕಟ್ಟಿಕೊಳ್ಳಬೇಕು.

ದಾರಿ ಎರಡು.

ಒಂದು, ಸರ್ಕಾರಿ ಯಂತ್ರದ ಪಕ್ಕದಲ್ಲಿಟ್ಟು ಹೋಲಿಸುವುದು. ಸಿಲ್ಕ್ ಬೋರ್ಡ್, ಬಿಟಿಎಂ ಲೇಔಟ್, ಹೆಬ್ಬಾಳ, ಜಯನಗರ 5ನೇ ಬ್ಲಾಕ್, ಬಾಪೂಜಿನಗರ, ಪೀಣ್ಯ ಇಲ್ಲೆಲ್ಲ ನಿರಂತರ ಮಾಪನ ಕೇಂದ್ರಗಳಿವೆ, ದತ್ತಾಂಶ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ (ಸಿಪಿಸಿಬಿ) ಪೋರ್ಟಲ್‌ನಲ್ಲಿ ಸಿಗುತ್ತದೆ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಅನುಮತಿ ಕೇಳಿ, ಅವರ ಒಳಸೇರು ಕೊಳವೆಯಿಂದ ಒಂದೆರಡು ಮೀಟರ್ ಅಂತರದಲ್ಲಿ, ಅದೇ ಎತ್ತರಕ್ಕೆ ಎರಡೂ ಸೆನ್ಸರ್ ಕಟ್ಟಿ. ಕನಿಷ್ಠ ಮೂರು ವಾರ. ಮಳೆಗಾಲಕ್ಕೆ ಒಂದು ಸಲ, ಡಿಸೆಂಬರ್‌–ಜನವರಿಗೆ ಒಂದು ಸಲ ಬೇರೆಬೇರೆ ಮಾಡಿದರೆ ಒಳ್ಳೆಯದು. ಗಂಟೆಯ ಸರಾಸರಿ ತೆಗೆಯಿರಿ, 45 ನಿಮಿಷಕ್ಕಿಂತ ಕಡಿಮೆ ಓದು ಇರುವ ಗಂಟೆ ಬಿಡಿ. ಎರಡು ವಾರದ ದತ್ತಾಂಶದಲ್ಲಿ ಸಮೀಕರಣ ಕಟ್ಟಿ, ಮೂರನೇ ವಾರವನ್ನು ಮುಟ್ಟದೆ ಇಟ್ಟುಕೊಂಡು ಅದರ ಮೇಲೆ ಪರೀಕ್ಷಿಸಿ. ಕಟ್ಟಿದ ದತ್ತಾಂಶದ ಮೇಲೆಯೇ ಪರೀಕ್ಷೆ ಮಾಡಿ "ಆರ್ ಸ್ಕ್ವೇರ್ 0.9" ಎಂದು ಬರೆಯುವುದಕ್ಕೆ ಅರ್ಥವಿಲ್ಲ.

ಕೇಂದ್ರಗಳಲ್ಲಿ ಸಾಮಾನ್ಯವಾಗಿರುವುದು ಬೀಟಾ ಯಂತ್ರ. ನಿಮಿಷಕ್ಕೆ 16.7 ಲೀಟರ್ ಗಾಳಿ ಎಳೆದು ಗಾಜಿನ ನಾರಿನ ಟೇಪಿನ ಮೇಲೆ ಕಣ ಕೂರಿಸಿ, ಕಾರ್ಬನ್-14ರಿಂದ ಬರುವ ಬೀಟಾ ಕಿರಣ ಎಷ್ಟು ತಗ್ಗಿತು ಎಂದು ನೋಡುತ್ತದೆ. ಒಳಸೇರು ಕೊಳವೆಗೆ ಹೀಟರ್ ಇದ್ದು ಆರ್ದ್ರತೆಯನ್ನು ತಗ್ಗಿಸುತ್ತದೆ, ಅಂದರೆ ಅದು ತೂಗುವುದು ಒಣ ಕಣ. ನಿಮ್ಮ ಸೆನ್ಸರ್ ನೋಡುವುದು ನೀರು ಕುಡಿದು ಉಬ್ಬಿದ ಕಣ. ಉಬ್ಬುವ ಲೆಕ್ಕ ಸುಲಭ: ವ್ಯಾಸದ ಹಿಗ್ಗು ಘನ = 1 + ಕಪ್ಪಾ × ಆ ÷ (1 − ಆ). ಇಲ್ಲಿ ಆ ಅಂದರೆ ಆರ್ದ್ರತೆ ಭಾಗಿಸು 100. ಕಪ್ಪಾ ಅಂದರೆ ಕಣ ಎಷ್ಟು ನೀರು ಹೀರುತ್ತದೆ ಎಂಬ ಗುಣಕ, ನಗರದ ಮಿಶ್ರ ಕಣಕ್ಕೆ ಸುಮಾರು 0.3. 80ರ ಆರ್ದ್ರತೆಯಲ್ಲಿ ವ್ಯಾಸ 1.3 ಪಟ್ಟು, 90ರಲ್ಲಿ 1.55, 95ರಲ್ಲಿ 1.9 ಪಟ್ಟು. ಗಾತ್ರದಲ್ಲಿ (ಘನದಲ್ಲಿ) ಹೇಳುವುದಾದರೆ 95ರಲ್ಲಿ ಆರೂಮುಕ್ಕಾಲು ಪಟ್ಟು. ಹೀಗಾಗಿ ಡಿಸೆಂಬರ್ ಬೆಳಗಿನ ಮಂಜಿನಲ್ಲಿ ಸೆನ್ಸರ್ ತೋರಿಸುವ ಅಂಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ನೀರಿರಬಹುದು. 95 ದಾಟಿದ ಗಂಟೆಗಳನ್ನು ತಿದ್ದಲು ಹೋಗಬೇಡಿ, ಬಿಟ್ಟುಬಿಡಿ.

ಇದೇ ದಾರಿಯಲ್ಲಿ ಇನ್ನೊಂದು ಮಾತು, ಬೀಟಾ ಯಂತ್ರದ ಗಂಟೆಯ ಅಂಕಿ ಆಗಾಗ ಋಣಾತ್ಮಕ ಬರುತ್ತದೆ. ಸ್ವಚ್ಛ ಗಾಳಿಯಲ್ಲಿ ಅದು ಸಹಜ ಏರಿಳಿತ. ಅವನ್ನು ಅಳಿಸಿದರೆ ಸರಾಸರಿ ಸುಳ್ಳಾಗಿ ಮೇಲೇರುತ್ತದೆ.

ಎರಡನೇ ದಾರಿ ಫಿಲ್ಟರ್ ತೂಗುವುದು. ಫುಟ್‌ಪಾತ್‌ಗೆ ಇದೇ ವಾಸಿ, ಯಾಕೆಂದರೆ ಕೇಂದ್ರದ ಗಾಳಿಯೂ ವ್ಯಾಪಾರಿಯ ಮೂಗಿನ ಎತ್ತರದ ಗಾಳಿಯೂ ಒಂದಲ್ಲ. ಸೊಂಟಕ್ಕೆ ಕಟ್ಟುವ ಪಂಪು, ನಿಮಿಷಕ್ಕೆ 4 ಲೀಟರ್, 2.5 ಮೈಕ್ರಾನಿಗೆ ಕತ್ತರಿಸುವ ಸೈಕ್ಲೋನ್, 37 ಮಿ.ಮೀ. ಟೆಫ್ಲಾನ್ ಫಿಲ್ಟರ್. ಆದರೆ ಲೆಕ್ಕ ನೋಡಿ: ಎರಡು ಗಂಟೆಗೆ 0.48 ಘನ ಮೀಟರ್. ಗಾಳಿಯಲ್ಲಿ 60 ಮೈಕ್ರೋಗ್ರಾಂ ಇದ್ದರೆ ಫಿಲ್ಟರಿಗೆ ಸೇರುವುದು 29 ಮೈಕ್ರೋಗ್ರಾಂ. ತೂಕದಲ್ಲಿ 5 ಮೈಕ್ರೋಗ್ರಾಂ ಆಚೀಚೆ ಆದರೂ 17 ಶೇಕಡಾ ತಪ್ಪು. ಆದ್ದರಿಂದ ಒಂದೇ ಫಿಲ್ಟರನ್ನು ಐದು ಸಂಜೆ ಓಡಿಸಿ, 144 ಮೈಕ್ರೋಗ್ರಾಂ ಸೇರುತ್ತದೆ, ತಪ್ಪು 4 ಶೇಕಡಾದೊಳಗೆ ಬರುತ್ತದೆ. ತೂಗುವ ಮೊದಲು, ಆಮೇಲೆ ಎರಡೂ ಸಲ 24 ಗಂಟೆ 20–23 ಡಿಗ್ರಿ, 30–40 ಆರ್ದ್ರತೆಯ ಕೋಣೆಯಲ್ಲಿಟ್ಟಿರಬೇಕು. ತೂಗುವ ಮುನ್ನ ಅಯೊನೈಸರ್ ಮುಂದೆ ಹಿಡಿಯಿರಿ. ಟೆಫ್ಲಾನ್‌ನ ಸ್ಥಿರವಿದ್ಯುತ್ತಿಗೆ ತಕ್ಕಡಿ ಸುಮ್ಮನೆ ಹತ್ತಾರು ಮೈಕ್ರೋಗ್ರಾಂ ಕುಣಿಯುತ್ತದೆ. ಪ್ರತಿ ಹತ್ತಕ್ಕೆ ಒಂದು ಫಿಲ್ಟರನ್ನು ಪಂಪು ಓಡಿಸದೆ ಜಾಗಕ್ಕೆ ಒಯ್ದು ವಾಪಸ್ ತನ್ನಿ, ಖಾಲಿ ಫಿಲ್ಟರಿನ ತೂಕ ಎಷ್ಟು ಬದಲಾಯಿತು ಎಂದು ಗೊತ್ತಾಗಬೇಕಲ್ಲ.

ಬೆಂಗಳೂರಿಗೆ ಮಾತ್ರ ಸೇರಿದ ಒಂದು ತೊಡಕು. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಒತ್ತಡ 910 ಹೆಕ್ಟೋಪ್ಯಾಸ್ಕಲ್ ಆಸುಪಾಸು. ಸಮುದ್ರ ಮಟ್ಟಕ್ಕೆ ಕ್ಯಾಲಿಬ್ರೇಟ್ ಆದ ರೋಟಾಮೀಟರ್ (ಗಾಳಿಯ ಹರಿವು ತೋರಿಸುವ ಮಾಪಕ) ಇಲ್ಲಿ 4 ಲೀಟರ್ ತೋರಿಸಿದರೆ ನಿಜವಾಗಿ ಹರಿಯುವುದು 4.2. ಹಾಗೆಯೇ ಯಂತ್ರವೊಂದು "ಪ್ರಮಾಣಿತ" ಘನ ಮೀಟರಿಗೆ ವರದಿ ಮಾಡುತ್ತಿದ್ದರೆ ಅದರ ಅಂಕಿ ನಿಜ ಗಾಳಿಯ ಅಂಕಿಗಿಂತ ಸುಮಾರು 11 ಶೇಕಡಾ ಹೆಚ್ಚಿರುತ್ತದೆ. ಮನುಷ್ಯ ಎಳೆದುಕೊಳ್ಳುವುದು ಇರುವ ಗಾಳಿಯನ್ನೇ ಹೊರತು ಪ್ರಮಾಣಿತ ಗಾಳಿಯನ್ನಲ್ಲ. ನಿಮ್ಮ ಲೆಕ್ಕಕ್ಕೆ ನಿಜ ಘನ ಅಳತೆಯೇ ಬೇಕು.

---

ಮೂಗಿನೊಳಗೆ

ಈಗ ಶ್ವಾಸಕೋಶ.

ಕಣ ಒಳಗೆ ಸಿಕ್ಕಿಕೊಳ್ಳುವುದು ಮುಖ್ಯವಾಗಿ ಮೂರು ರೀತಿ. ದಪ್ಪ ಕಣ ವೇಗದಲ್ಲಿ ಬಂದು ಮೂಗು–ಗಂಟಲಿನ ತಿರುವಿನಲ್ಲಿ ಗೋಡೆಗೆ ಅಪ್ಪಳಿಸುತ್ತದೆ. ಒಂದರಿಂದ ಕೆಲವು ಮೈಕ್ರಾನಿನ ಕಣ ಗಾಳಿ ನಿಧಾನವಾಗುವ ಸಣ್ಣ ಕವಲುಗಳಲ್ಲಿ ತೂಕಕ್ಕೆ ಕೆಳಗಿಳಿದು ಕೂರುತ್ತದೆ. 0.1 ಮೈಕ್ರಾನಿಗಿಂತ ಸಣ್ಣದು ಗಾಳಿಯ ಅಣುಗಳ ಗುದ್ದಿಗೆ ಅತ್ತಿತ್ತ ಅಲೆದು ಗೋಡೆ ಮುಟ್ಟುತ್ತದೆ, ಅದು ವಿಸರಣೆ. 0.3 ಮೈಕ್ರಾನ್ ಆಸುಪಾಸಿನ ಕಣಕ್ಕೆ ಮೂರೂ ದುರ್ಬಲ. ಹೋದದ್ದು ಬಹುಪಾಲು ಹಾಗೇ ಹೊರಗೆ ಬರುತ್ತದೆ. ನಿಮ್ಮ ಸೆನ್ಸರ್ ಚೆನ್ನಾಗಿ ನೋಡುವುದು ಶ್ವಾಸಕೋಶ ಹಿಡಿಯದ ಈ ಗಾತ್ರದ ಸುತ್ತಮುತ್ತಲನ್ನೇ! ಶ್ವಾಸಕೋಶ ಗಟ್ಟಿಯಾಗಿ ಹಿಡಿಯುವ ಎರಡು ತುದಿಗೂ ಅದು ಕುರುಡು.

ಎಕ್ಸೆಲ್‌ಗೆ ಬೇಕಾದದ್ದು ಏರೋಸಾಲ್ ತಜ್ಞ ಹೈಂಡ್ಸ್ ಅವರ ಸೂತ್ರಗಳು. ಐಸಿಆರ್‌ಪಿಯ (ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ) 1994ರ ಶ್ವಾಸಾಂಗ ಮಾದರಿಗೆ ಹೊಂದಿಸಿದ ಸರಳ ಸಮೀಕರಣಗಳಿವು, ಗಂಡು–ಹೆಣ್ಣು, ಬೇರೆಬೇರೆ ಶ್ರಮದ ಮಟ್ಟಗಳ ಸರಾಸರಿ. ಡಿ = ವ್ಯಾಸ, ಎಲ್ = ಡಿ ಯ ಸ್ವಾಭಾವಿಕ ಲಾಗರಿದಂ.

ಗಾಳಿಗೂಡಿನ (ಶ್ವಾಸಕೋಶದ ತುದಿಯ ಸಣ್ಣ ಗಾಳಿಚೀಲಗಳ) ಪಾಲು = (0.0155 ÷ ಡಿ) × [ಎಕ್ಸ್‌ಪ್(−0.416 × (ಎಲ್ + 2.84)²) + 19.11 × ಎಕ್ಸ್‌ಪ್(−0.482 × (ಎಲ್ − 1.362)²)]

ಶ್ವಾಸನಾಳದ ಪಾಲು = (0.00352 ÷ ಡಿ) × [ಎಕ್ಸ್‌ಪ್(−0.234 × (ಎಲ್ + 3.40)²) + 63.9 × ಎಕ್ಸ್‌ಪ್(−0.819 × (ಎಲ್ − 1.61)²)]

ಮೂಗು–ಗಂಟಲಿನ ಪಾಲು = ಒ × [1 ÷ (1 + ಎಕ್ಸ್‌ಪ್(6.84 + 1.183 × ಎಲ್)) + 1 ÷ (1 + ಎಕ್ಸ್‌ಪ್(0.924 − 1.885 × ಎಲ್))]

ಒ ಅಂದರೆ ಕಣ ಮೂಗಿನೊಳಗೆ ಸೇರುವ ಪಾಲು: 1 − 0.5 × (1 − 1 ÷ (1 + 0.00076 × ಡಿ^2.8)). 2.5 ಮೈಕ್ರಾನಿನವರೆಗೆ ಅದು ಹೆಚ್ಚುಕಡಿಮೆ 1.

ನಿಮ್ಮ ಹಾಳೆ ಸರಿ ಇದೆಯೇ ನೋಡಿಕೊಳ್ಳಲು ಕೆಲವು ಉತ್ತರ. 0.02 ಮೈಕ್ರಾನ್: ಗಾಳಿಗೂಡು 48 ಶೇಕಡಾ, ಶ್ವಾಸನಾಳ 17, ಮೂಗು 10. 0.1 ಮೈಕ್ರಾನ್: 14, 3, 2. 0.3 ಮೈಕ್ರಾನ್: 6, 0.5, 4, ಎಲ್ಲ ಸೇರಿ 11ರ ಹತ್ತಿರ. 1 ಮೈಕ್ರಾನ್: 12, 3, 29. 2.5 ಮೈಕ್ರಾನ್: 11, 6, 69. 10 ಮೈಕ್ರಾನ್: 2, 1.5, 81.

ಉಸಿರಾಟದ ಪ್ರಮಾಣ: ಐಸಿಆರ್‌ಪಿ ಪ್ರಕಾರ ಹಗುರ ಕೆಲಸದಲ್ಲಿ ವಯಸ್ಕ ಗಂಡಿಗೆ ಗಂಟೆಗೆ 1.5 ಘನ ಮೀಟರ್, ಹೆಣ್ಣಿಗೆ 1.25. ಸುಮ್ಮನೆ ಕೂತಿದ್ದರೆ 0.54 ಮತ್ತು 0.39. ಗಾಡಿ ತಳ್ಳುವವರಿಗೂ ಸ್ಟೂಲ್ ಮೇಲೆ ಕೂತು ಹೂ ಕಟ್ಟುವವರಿಗೂ ಇದೊಂದರಲ್ಲೇ ಮೂರು ಪಟ್ಟು ವ್ಯತ್ಯಾಸ. ಸೆನ್ಸರಿನ ತಪ್ಪಿಗೆ ತಲೆ ಕೆಡಿಸಿಕೊಂಡು ಇದನ್ನು ಮರೆಯುವವರೇ ಜಾಸ್ತಿ.

ಮಾದರಿ ಲೆಕ್ಕ. ಪಿಎಂ 2.5 60 ಮೈಕ್ರೋಗ್ರಾಂ ಎಂದಿಟ್ಟುಕೊಳ್ಳಿ (ನಮ್ಮ ದೇಶದ 24 ಗಂಟೆಯ ಮಿತಿ ಅದೇ, ಡಬ್ಲ್ಯೂಎಚ್‌ಒ 2021ರಲ್ಲಿ ಹೇಳಿದ್ದು 15). ಅದರಲ್ಲಿ 45 ಪಾಲು 0.4 ಮೈಕ್ರಾನಿನ ಸುತ್ತ, 15 ಪಾಲು 2 ಮೈಕ್ರಾನಿನ ಸುತ್ತ ಇದೆ ಎನ್ನಿ. ಗಂಡಸು ಎರಡು ಗಂಟೆಗೆ ಎಳೆಯುವುದು 3 ಘನ ಮೀಟರ್, ಒಟ್ಟು 180 ಮೈಕ್ರೋಗ್ರಾಂ. 0.4 ಮೈಕ್ರಾನಿನ 135 ಮೈಕ್ರೋಗ್ರಾಂನಲ್ಲಿ 14 ಶೇಕಡಾ ಕೂರುತ್ತದೆ: 19 ಮೈಕ್ರೋಗ್ರಾಂ, ಅದರಲ್ಲಿ ಗಾಳಿಗೂಡಿಗೆ 9.3. 2 ಮೈಕ್ರಾನಿನ 45 ಮೈಕ್ರೋಗ್ರಾಂನಲ್ಲಿ 77 ಶೇಕಡಾ: 35 ಮೈಕ್ರೋಗ್ರಾಂ. ಆದರೆ 27 ಮೂಗಿನಲ್ಲೇ ನಿಂತು ಗಾಳಿಗೂಡಿಗೆ 5.4 ಮಾತ್ರ. ಎಲ್ಲ ಸೇರಿ 54, ಗಾಳಿಗೂಡಿಗೆ ಸುಮಾರು 15. ಎಳೆದುಕೊಂಡದ್ದರ 12ನೇ ಒಂದು ಭಾಗ.

45–15 ಎಂದು ನಾನು ಹಂಚಿದ್ದು ಊಹೆ. ಇದನ್ನು ಅಳೆಯಲು ಗಾತ್ರವಾರು ಎಣಿಸುವ ಯಂತ್ರ ಬೇಕು. ಆಲ್ಫಾಸೆನ್ಸ್‌ನ ಓಪಿಸಿ-ಎನ್3 ಥರದ್ದು 0.35ರಿಂದ 40 ಮೈಕ್ರಾನಿನವರೆಗೆ 24 ವಿಭಾಗದಲ್ಲಿ ನಿಜವಾಗಿ ಒಂದೊಂದೇ ಕಣ ಎಣಿಸುತ್ತದೆ. ಅದು ಕೊಡುವುದು ಬೆಳಕಿನ ವ್ಯಾಸ. ಅರ್ಧ ಮೈಕ್ರಾನಿಗಿಂತ ದಪ್ಪ ಕಣಕ್ಕೆ ಈ ಸೂತ್ರಕ್ಕೆ ಬೇಕಾದದ್ದು ವಾಯುಗತಿಕ ವ್ಯಾಸ: ಸಾಂದ್ರತೆಯ ವರ್ಗಮೂಲದಿಂದ ಗುಣಿಸಿ. ಮಣ್ಣಿನ ಧೂಳಿಗೆ ಸಾಂದ್ರತೆ 2.6 ಹಿಡಿದರೆ 2 ಮೈಕ್ರಾನ್ ಕಣ 3.2 ಮೈಕ್ರಾನಿನಂತೆ ವರ್ತಿಸುತ್ತದೆ.

ಸೂತ್ರ ಮೂಗಿನ ಉಸಿರಾಟಕ್ಕೆ. ಕೂಗಿ ವ್ಯಾಪಾರ ಮಾಡುವವರು ಬಾಯಲ್ಲೂ ಎಳೆಯುತ್ತಾರೆ, ಮೂಗಿನ ಜರಡಿ ತಪ್ಪಿ ದಪ್ಪ ಕಣ ಕೆಳಗಿಳಿಯುತ್ತದೆ. ಅದಕ್ಕೆ ಎಂಪಿಪಿಡಿ ಎಂಬ ಸಾಫ್ಟ್‌ವೇರ್ ಬಳಸಿ. ಬಾಯಿ, ಮೂಗು, ವಯಸ್ಸು, ಉಸಿರಿನ ವೇಗ ಎಲ್ಲ ಬದಲಿಸಬಹುದು.

---

ಹೊಗೆಗಣ್ಣು

ತುಂಬಾ ಉಪಕಾರವಾಯಿತು. ಹಾಳೆ ಮಾಡಿದೆ. ಆದರೆ 20 ನ್ಯಾನೋಮೀಟರಿಗೆ ಗಾಳಿಗೂಡು 0.4 ಶೇಕಡಾ, ಮೂಗು 61 ಬರುತ್ತಿದೆ. ನೀವು 48 ಅಂದಿದ್ದೀರಿ. 2.5 ಮೈಕ್ರಾನಿಗೆ ಸರಿಯಾಗಿ 11, 69 ಬರುತ್ತದೆ.

---

ಮೂಗಿನೊಳಗೆ

ಡಿ ಜಾಗದಲ್ಲಿ 20 ಹಾಕಿದ್ದೀರಿ. ಹಾಳೆ ಅದನ್ನು 20 ಮೈಕ್ರಾನ್ ಎಂದುಕೊಂಡಿದೆ. 0.02 ಹಾಕಿ. ಘಟಕ ಮೈಕ್ರಾನ್ ಎಂದು ಮೇಲೆ ಬರೆಯದೆ ಬಿಟ್ಟದ್ದು ನನ್ನದೇ ತಪ್ಪು. ಎಕ್ಸೆಲ್‌ನಲ್ಲಿ ಲಾಗ್ ಎಂಬ ಫಂಕ್ಷನ್ 10ರ ಆಧಾರದ್ದು, ಎಲ್‌ಎನ್ ಬಳಸಿ.

---

ಬ್ಯುಟನಾಲ್

20 ನ್ಯಾನೋಮೀಟರ್ ವಿಷಯ ಬಂತಲ್ಲ, ಅದನ್ನು ಬಿಟ್ಟು ಸಿಲ್ಕ್ ಬೋರ್ಡ್‌ನ ಲೆಕ್ಕ ಅರ್ಧವೇ.

ರಸ್ತೆ ಬದಿಯಲ್ಲಿ ಘನ ಸೆಂಟಿಮೀಟರಿಗೆ 50,000 ಕಣ ಇದೆ ಎನ್ನಿ. ವಾಹನ ದಟ್ಟಣೆಯ ಜಾಗಕ್ಕೆ ಅದೇನೂ ವಿಪರೀತ ಅಂಕಿಯಲ್ಲ. ಡಬ್ಲ್ಯೂಎಚ್‌ಒ 2021ರ ಟಿಪ್ಪಣಿಯಲ್ಲಿ ಒಂದು ಗಂಟೆಗೆ 20,000 ದಾಟಿದರೆ "ಹೆಚ್ಚು" ಎಂದಿದೆ. ಎಲ್ಲವೂ 50 ನ್ಯಾನೋಮೀಟರ್, ಸಾಂದ್ರತೆ 1.5 ಎಂದು ಹಿಡಿದರೆ ಅಷ್ಟೂ ಕಣದ ತೂಕ ಘನ ಮೀಟರಿಗೆ 5 ಮೈಕ್ರೋಗ್ರಾಂ. ಅರವತ್ತರಲ್ಲಿ ಐದು. ಎರಡು ಗಂಟೆಯ 3 ಘನ ಮೀಟರಿನಲ್ಲಿ ಒಳಹೋಗುವುದು 15,000 ಕೋಟಿ ಕಣ. 50 ನ್ಯಾನೋಮೀಟರಿಗೆ ಗಾಳಿಗೂಡಿನ ಪಾಲು 31 ಶೇಕಡಾ, ಅಂದರೆ 4,600 ಕೋಟಿ ಕಣ ಅಲ್ಲಿಯೇ ಕೂರುತ್ತದೆ. ಪಿಎಂ 2.5 ಅಂಕಿಯಲ್ಲಿ ಇದು ಕಾಣುವುದೇ ಇಲ್ಲ. ಲೇಸರ್ ಸೆನ್ಸರಿಗಂತೂ ಆ ಐದು ಮೈಕ್ರೋಗ್ರಾಂ ಕೂಡ ಕಾಣದು.

ಇದನ್ನು ಎಣಿಸಲು ಕಂಡೆನ್ಸೇಶನ್ ಕೌಂಟರ್ ಬೇಕು. ಕಣವನ್ನು ಆಲ್ಕೊಹಾಲ್ ಆವಿಯಲ್ಲಿ ಹಾಯಿಸಿ ತಂಪು ಮಾಡಿದರೆ ಒಂದೊಂದು ಕಣದ ಸುತ್ತ ಹನಿ ಕಟ್ಟಿ ಲೇಸರಿಗೆ ಕಾಣುವಷ್ಟು ದೊಡ್ಡದಾಗುತ್ತದೆ. ಪ್ರಯೋಗಾಲಯದ್ದು ಬ್ಯುಟನಾಲ್, ಕೈಲಿ ಹಿಡಿಯುವಂಥದ್ದು ಐಸೊಪ್ರೊಪೈಲ್ ಆಲ್ಕೊಹಾಲ್. ಟಿಎಸ್‌ಐ 3007 ಹತ್ತು ನ್ಯಾನೋಮೀಟರಿನಿಂದ ಎಣಿಸುತ್ತದೆ. ಕೊಳ್ಳುವ ಮಾತಲ್ಲ, ಏರೋಸಾಲ್ ಕೆಲಸ ಮಾಡುವ ವಿಭಾಗದಿಂದ ಎರಡು ವಾರಕ್ಕೆ ಎರವಲು ಕೇಳಿ.

ಅದರಲ್ಲಿ ಎಡವುವ ಜಾಗಗಳು:

ಆಲ್ಕೊಹಾಲ್ ರೀಏಜೆಂಟ್ ದರ್ಜೆಯದ್ದೇ ಆಗಬೇಕು. 70 ಶೇಕಡಾ ಸ್ಯಾನಿಟೈಸರ್ ಹಾಕಿದರೆ ಅದರ ನೀರಿಗೆ ಎಣಿಕೆ ಕುಸಿಯುತ್ತದೆ. ಆಲ್ಕೊಹಾಲ್ ಹೀರಿಕೊಂಡಿರುವ ಬತ್ತಿ ಮಳೆಗಾಲದ ಗಾಳಿಯಿಂದಲೂ ನೀರು ಹೀರುತ್ತದೆ, ದಿನಾ ಹೊಸದಾಗಿ ನೆನೆಸಿ. ನೆನೆಸಿದ ಮೇಲೆ ಯಂತ್ರ ಓರೆ ಮಾಡಬೇಡಿ. ದ್ರವ ಲೆನ್ಸಿಗೆ ಹರಿದರೆ ಆ ದಿನದ ಕೆಲಸ ಮುಗಿದ ಹಾಗೆ. ದಿನಾ ಶುರುವಿಗೆ ಯಂತ್ರದ ಬಾಯಿಗೆ ಹೆಪಾ ಫಿಲ್ಟರ್ ಸಿಕ್ಕಿಸಿ ಶೂನ್ಯದ ಹತ್ತಿರ ಬರುತ್ತದೆಯೇ ನೋಡಿ. 35 ಡಿಗ್ರಿ ದಾಟಿದರೆ ಅಳತೆ ಮಿತಿಯ ಆಚೆ, ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಡಬ್ಬಿಯೊಳಗೆ ಇಡಬೇಡಿ. ಘನ ಸೆಂಟಿಮೀಟರಿಗೆ ಒಂದು ಲಕ್ಷ ಮೀರಿದರೆ ಎರಡು ಹನಿ ಒಟ್ಟಿಗೆ ಹಾದು ಒಂದಾಗಿ ಎಣಿಕೆಯಾಗುತ್ತವೆ. ಹಳೆ ಲಾರಿಯೊಂದು ಎದುರು ನಿಂತಾಗ ಗ್ರಾಫಿನ ತಲೆ ಚಪ್ಪಟೆಯಾದರೆ ಕಾರಣ ಇದೇ.

ಕೊಳವೆ: ಕಪ್ಪು ವಾಹಕ ಸಿಲಿಕೋನ್ ಅಥವಾ ಸ್ಟೀಲ್. ಅಕ್ವೇರಿಯಂನ ಪಾರದರ್ಶಕ ಪಿವಿಸಿ ಬೇಡ, ಟೆಫ್ಲಾನೂ ಬೇಡ. ಸ್ಥಿರವಿದ್ಯುತ್ತಿಗೆ ಕಣ ಗೋಡೆಗೆ ಅಂಟುತ್ತದೆ. ಉದ್ದ ಕಡಿಮೆಯಷ್ಟೂ ಒಳ್ಳೆಯದು. ನಿಮಿಷಕ್ಕೆ 0.7 ಲೀಟರ್ ಹರಿವಿನಲ್ಲಿ ಒಂದು ಮೀಟರ್ ಕೊಳವೆಯಲ್ಲೇ 10 ನ್ಯಾನೋಮೀಟರ್ ಕಣದ 13 ಶೇಕಡಾ ಕಳೆದುಹೋಗುತ್ತದೆ. 100 ನ್ಯಾನೋಮೀಟರಿಗೆ ಅದು ಒಂದು ಶೇಕಡಾದೊಳಗೆ.

ಕೌಂಟರ್ ಎಣಿಕೆ ಕೊಡುತ್ತದೆಯೇ ಹೊರತು ಗಾತ್ರ ಕೊಡುವುದಿಲ್ಲ, ನಿಮ್ಮ ಸೂತ್ರಕ್ಕೆ ಗಾತ್ರ ಬೇಕು. ಪೂರ್ಣ ಉತ್ತರ ಅತಿಸೂಕ್ಷ್ಮ ಕಣವನ್ನು ಗಾತ್ರವಾರು ವಿಂಗಡಿಸಿ ಎಣಿಸುವ ಎಸ್‌ಎಂಪಿಎಸ್, ಆದರೆ ಅದನ್ನು ಫುಟ್‌ಪಾತ್‌ಗೆ ಹೊತ್ತುಕೊಂಡು ಹೋಗಲಾರಿರಿ. ನಿಮ್ಮ ಪ್ರಶ್ನೆಗೆ ನೇರ ಒಗ್ಗುವುದು ಪಾರ್ಟೆಕ್ಟರ್ ಥರದ ಡಿಫ್ಯೂಶನ್ ಚಾರ್ಜರ್, ಜೇಬಿಗಿಂತ ಸ್ವಲ್ಪ ದೊಡ್ಡದು, ಆಲ್ಕೊಹಾಲೂ ಬೇಡ. ಕಣಕ್ಕೆ ವಿದ್ಯುದಂಶ ಹಚ್ಚಿ ಆ ಕರೆಂಟನ್ನು ಅಳೆಯುತ್ತದೆ. 20ರಿಂದ 400 ನ್ಯಾನೋಮೀಟರಿನೊಳಗೆ ಆ ಕರೆಂಟು, ಗಾಳಿಗೂಡಿನಲ್ಲಿ ಕೂರುವ ಕಣಗಳ ಮೇಲ್ಮೈ ವಿಸ್ತೀರ್ಣಕ್ಕೆ ಹತ್ತಿರತ್ತಿರ ಅನುಪಾತದಲ್ಲಿರುತ್ತದೆ. ಇದು ಯಾರೂ ಯೋಜಿಸಿ ಮಾಡಿದ್ದಲ್ಲ, ಎರಡು ವಕ್ರರೇಖೆ ಒಂದರ ಮೇಲೊಂದು ಬಿದ್ದದ್ದು ನಮ್ಮ ಅದೃಷ್ಟ. ಘನ ಸೆಂಟಿಮೀಟರಿಗೆ 100 ಚದರ ಮೈಕ್ರಾನ್ ಎಂದು ತೋರಿಸಿದರೆ 3 ಘನ ಮೀಟರಿಗೆ ಗುಣಿಸಿ: 3 ಚದರ ಸೆಂಟಿಮೀಟರ್ ಮೇಲ್ಮೈ ಗಾಳಿಗೂಡಿಗೆ ಸೇರಿತು. ಗಾತ್ರದ ಊಹೆಯ ತಂಟೆಯೇ ಇಲ್ಲ.

---

ಹೊಗೆಗಣ್ಣು

ಇನ್ನೊಂದು. ಆರ್ದ್ರತೆ ತಿದ್ದಿ ಒಣ ಕಣದ ಲೆಕ್ಕಕ್ಕೆ ತಂದೆವು. ಆದರೆ ಶ್ವಾಸಕೋಶದ ಒಳಗೂ ತೇವವಿದೆಯಲ್ಲ, ಕಣ ಅಲ್ಲಿ ಮತ್ತೆ ಉಬ್ಬುವುದಿಲ್ಲವೇ?

---

ಮೂಗಿನೊಳಗೆ

ಉಬ್ಬುತ್ತದೆ. ಒಳಗೆ ಆರ್ದ್ರತೆ 99.5. ಸಲ್ಫೇಟ್, ನೈಟ್ರೇಟ್ ಬೆರೆತ 100 ನ್ಯಾನೋಮೀಟರ್ ಕಣ ಮೂರು ಪಟ್ಟಿಗೂ ಮೀರಿ ಹಿಗ್ಗಿ 300 ದಾಟುತ್ತದೆ, ಆಗ ಕೂರುವ ಪಾಲು 19ರಿಂದ 11 ಶೇಕಡಾಕ್ಕೆ ಇಳಿಯುತ್ತದೆ. ಉಬ್ಬಿದ್ದಕ್ಕೆ ಬಚಾವಾಯಿತು. ಅರ್ಧ ಮೈಕ್ರಾನ್ ಮೇಲಿನದಕ್ಕೆ ಇದು ತಿರುಗುಮುರುಗು, ಉಬ್ಬಿದಷ್ಟೂ ಹೆಚ್ಚು ಕೂರುತ್ತದೆ. ಆಗಷ್ಟೇ ಸೈಲೆನ್ಸರಿನಿಂದ ಬಂದ ಡೀಸೆಲ್ ಮಸಿ ನೀರು ಹಿಡಿಯುವುದಿಲ್ಲ. 100 ನ್ಯಾನೋಮೀಟರಾಗಿ ಹೋಗಿ 19 ಶೇಕಡಾ ಕೂರುತ್ತದೆ. ಹಾಗಾಗಿ ರಸ್ತೆ ಬದಿಯ ಅತಿಸೂಕ್ಷ್ಮ ಕಣಕ್ಕೆ ಉಬ್ಬು ಲೆಕ್ಕಿಸದ ಅಂಕಿಯನ್ನೇ ಕೊಡಿ. 0.4 ಮೈಕ್ರಾನಿನ ಹಳೆಯ ಕಣಕ್ಕೆ ಉಬ್ಬಿಸಿದ್ದು, ಉಬ್ಬಿಸದ್ದು ಎರಡನ್ನೂ ಹಾಕಿ ವ್ಯಾಪ್ತಿ ತೋರಿಸಿ. ಉಬ್ಬಿಸುವಾಗ ಕೂರುವ ಪಾಲನ್ನು ಉಬ್ಬಿದ ವ್ಯಾಸಕ್ಕೆ ನೋಡಿ, ತೂಕವನ್ನು ಒಣ ಕಣದ್ದೇ ಹಿಡಿಯಿರಿ. ಇಲ್ಲದಿದ್ದರೆ ದೇಹದ ನೀರನ್ನೇ ಮಾಲಿನ್ಯ ಅಂತ ಎಣಿಸಿದಂತಾಗುತ್ತದೆ.

ನೇರ ಅಳೆಯುವ ಆಸೆ ಇದ್ದರೆ ದಾರಿ ಇದೆ: ಎರಡು ಕವಾಟದ ಮೌತ್‌ಪೀಸ್, ಒಳಹೋಗುವ ಗಾಳಿ ಹೊರಬಂದ ಗಾಳಿ ಎರಡರಲ್ಲೂ ಎಣಿಕೆ, 1ರಿಂದ ಅವುಗಳ ಅನುಪಾತ ಕಳೆಯುವುದು. ಹೊರಬರುವ ಗಾಳಿ ಬಿಸಿ, ತೇವ. ಕೊಳವೆಯನ್ನು 38 ಡಿಗ್ರಿಯಷ್ಟು ಬೆಚ್ಚಗಿಟ್ಟು ಎಣಿಸುವ ಮುನ್ನ ಒಣಗಿಸದಿದ್ದರೆ ನೀರ ಹನಿಯನ್ನೇ ಎಣಿಸುತ್ತೀರಿ. ಕವಾಟ, ಕೊಳವೆಗಳಲ್ಲಿ ನಷ್ಟವಾಗುವುದನ್ನು ಮನುಷ್ಯರಿಲ್ಲದೆ ಪಂಪಿನಿಂದ ಓಡಿಸಿ ಮೊದಲೇ ಅಳೆದು ಕಳೆಯಬೇಕು. ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ವ್ಯಾಪಾರಿಗಳ ಮೇಲೆ ಮಾಡುವ ಹಾಗಿಲ್ಲ. ಎಂ.ಎಸ್‌ಸಿ ಅವಧಿಗೆ ಸೂತ್ರವೇ ಸಾಕು.

---

ಫಿಲ್ಟರ್_ಪೇಪರ್

ಕೇಂದ್ರದ ಪಕ್ಕ ಇಡುವ ಮೊದಲು ಗಡಿಯಾರ ನೋಡಿ. ಇಎಸ್‌ಪಿ 32 ನೆಟ್‌ನಿಂದ ಸಮಯ ತೆಗೆದುಕೊಂಡರೆ ಅದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣಿತ ಸಮಯ. ನಮ್ಮದು ಐದೂವರೆ ಗಂಟೆ ಮುಂದೆ. ಯುಟಿಸಿಯಲ್ಲಿ ಗಂಟೆಯ ಸರಾಸರಿ ಮಾಡಿ ಆಮೇಲೆ 5:30 ಸೇರಿಸಿದರೆ ನಿಮ್ಮ ಗಂಟೆಗಳು 6:30ರಿಂದ 7:30 ಎಂದು ಬೀಳುತ್ತವೆ, ಕೇಂದ್ರದ್ದು 6ರಿಂದ 7. ಸಂಜೆಯ ಏರು ಹೊತ್ತಿನಲ್ಲಿ ಆ ಅರ್ಧ ಗಂಟೆಗೇ ಹೋಲಿಕೆ ಕೆಡುತ್ತದೆ, ತಪ್ಪು ಸೆನ್ಸರಿನ ತಲೆಗೆ ಬರುತ್ತದೆ. ಮೊದಲು ಭಾರತೀಯ ಸಮಯಕ್ಕೆ ತಂದು ಆಮೇಲೆ ಸರಾಸರಿ. ಪೋರ್ಟಲ್‌ನಲ್ಲಿ 15 ನಿಮಿಷದ ದತ್ತಾಂಶವೂ ಇದೆ ಎಂದು ಆಸೆಪಡಬೇಡಿ. ಯಂತ್ರ ಗಂಟೆಗೊಂದೇ ಮೌಲ್ಯ ಕೊಡುವಂಥದ್ದಾದರೆ ನಾಲ್ಕು ಸಾಲಿನಲ್ಲಿ ಅದೇ ಅಂಕಿ ನಾಲ್ಕು ಸಲ ಇರುತ್ತದೆ ಅಷ್ಟೆ. ಆ ಅಂಕಿ ಗಂಟೆಯ ಶುರುವಿಗೆ ಬರೆದದ್ದೋ ಕೊನೆಗೆ ಬರೆದದ್ದೋ ಎಂದು ತಿಳಿಯಲು ನಿಮ್ಮ ಸರಣಿಯನ್ನು ಒಂದು ಗಂಟೆ ಹಿಂದೆ, ಒಂದು ಗಂಟೆ ಮುಂದೆ ಜರುಗಿಸಿ ಯಾವುದು ಚೆನ್ನಾಗಿ ಹೊಂದುತ್ತದೆ ನೋಡಿ.